‘ಮಾಡದಿದ್ದರೆ ಏನಾಗುತ್ತೆ?’ ಅನ್ನುವ ಪುಟ

ರಸ್ತೆ, ಸೇತುವೆ, ರೈಲು ಮಾರ್ಗ. ಯಾವುದಕ್ಕೆ ಈ ವರ್ಷ ಹಣ, ಯಾವುದು ಮುಂದಿನ ವರ್ಷಕ್ಕೆ ಅಂತ ಶಿಫಾರಸು ಮಾಡುವುದು ನನ್ನ ಕೆಲಸ. ಶುರುವಿನಲ್ಲಿ ಇದು ಬಹಳ ಸುಲಭ ಅಂದುಕೊಂಡಿದ್ದೆ. ಪ್ರತಿ ಫೈಲಿನ ಕೊನೆಯ ಪುಟ ತೆರೆಯುವುದು, ಲಾಭವನ್ನು ಖರ್ಚಿನಿಂದ ಭಾಗಿಸಿದ ಅಂಕಿ ಬರೆದುಕೊಳ್ಳುವುದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವುದು. 1ಕ್ಕಿಂತ ಕಡಿಮೆ ಇದ್ದರೆ ವಾಪಸ್. ಒಂದು ವರ್ಷ ಕಳೆದ ಮೇಲೆ ಹೊಳೆಯಿತು: 1ಕ್ಕಿಂತ ಕಡಿಮೆ ಇರುವ ಫೈಲು ನನ್ನ ಮೇಜಿಗೆ ಬರುವುದೇ ಇಲ್ಲ. ಬರೆಯುವವರಿಗೂ ಆ ಗೆರೆ ಗೊತ್ತಿರುತ್ತೆ, ಅಲ್ವಾ?

ಕಣ್ಣು ತೆರೆಸಿದ್ದು ಒಂದು ಬೈಪಾಸ್. ಅದರ ಅನುಪಾತ 2.6. ದಿನಕ್ಕೆ 40,000 ಜನ, ಒಬ್ಬೊಬ್ಬರಿಗೂ 2 ನಿಮಿಷ ಉಳಿತಾಯ. ಹನಿಹನಿ ಸೇರಿ ಹಳ್ಳ ಅನ್ನುವ ಹಾಗೆ, ಅದು ದಿನಕ್ಕೆ 1,333 ಗಂಟೆ ಆಗುತ್ತೆ. ಗಂಟೆಗಿಷ್ಟು ಅಂತ ಬೆಲೆ ಕಟ್ಟಿ 30 ವರ್ಷ ಕೂಡಿದರೆ ಎಂಥ ಯೋಜನೆಯೂ ಗೆಲ್ಲುತ್ತದೆ. ಈ 2 ನಿಮಿಷ ಉಳಿಯುವುದು ಯಾವುದಕ್ಕೆ ಹೋಲಿಸಿದರೆ ಅಂತ ಹುಡುಕುತ್ತಾ ಹಿಂದಿನ ಪುಟಗಳಿಗೆ ಹೋದೆ. ಬೈಪಾಸ್ ಆಗದಿದ್ದರೆ ಹಳೆಯ ರಸ್ತೆ 30 ವರ್ಷ ಹಾಗೇ ಬಿದ್ದಿರುತ್ತದೆ, ಸಿಗ್ನಲ್ಲಿನ ಸಮಯವನ್ನೂ ಯಾರೂ ಮುಟ್ಟುವುದಿಲ್ಲ, ಗಾಡಿಗಳು ಮಾತ್ರ ಹೆಚ್ಚುತ್ತಾ ಹೋಗುತ್ತವೆ ಅಂತ ಹಿಡಿದಿದ್ದರು. ಹಾಗೆ ಯಾರು ಬಿಡುತ್ತಾರೆ? ಎರಡು ಜಂಕ್ಷನ್ ಸರಿಮಾಡಿ, ರಸ್ತೆ ಬದಿಯ ಪಾರ್ಕಿಂಗ್ ತೆಗೆಸಿದರೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಕೇಳಿದೆ. ಮೂರು ವಾರಕ್ಕೆ ಉತ್ತರ ಬಂತು. ಒಂದೂಕಾಲು ನಿಮಿಷ ಅದರಲ್ಲೇ ಉಳಿಯುತ್ತಿತ್ತು. ಬೈಪಾಸ್ ಪಾಲಿಗೆ ಉಳಿದದ್ದು 45 ಸೆಕೆಂಡ್. ಅನುಪಾತ 1ರ ಕೆಳಗಿಳಿಯಿತು.

ಅವತ್ತಿನಿಂದ ಯಾವ ಫೈಲು ಬಂದರೂ ‘ಮಾಡದಿದ್ದರೆ ಏನಾಗುತ್ತೆ’ ಅನ್ನುವ ಪುಟವನ್ನೇ ಮೊದಲು ಓದುತ್ತೇನೆ.

ಆಮೇಲೆ ನೋಡುವುದು ಮುಂದಿನ ಲಾಭವನ್ನು ಇವತ್ತಿನ ಬೆಲೆಗೆ ಇಳಿಸುವ ದರ. 30 ವರ್ಷದ ನಂತರ ಸಿಗುವ 100, ವರ್ಷಕ್ಕೆ ಶೇ. 4ರಂತೆ ಇಳಿಸಿದರೆ ಇವತ್ತಿಗೆ ಸುಮಾರು 31. ಶೇ. 10 ಹಿಡಿದರೆ 6 ಕೂಡ ಇಲ್ಲ. ಸುರಂಗ, ರೈಲಿನಂಥ ದೀರ್ಘ ಬಾಳಿಕೆಯ ಕೆಲಸಗಳು ಇಲ್ಲೇ ಏಳುತ್ತವೆ, ಇಲ್ಲೇ ಬೀಳುತ್ತವೆ. ನಾನು ಪಟ್ಟಿಯನ್ನು ಎರಡು ದರದಲ್ಲೂ ಜೋಡಿಸಿ ನೋಡುತ್ತೇನೆ. ಎರಡರಲ್ಲೂ ಮೇಲೆ ನಿಂತ ಯೋಜನೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಖರ್ಚಿನ ಅಂದಾಜಿನ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರ. ದೊಡ್ಡ ಯೋಜನೆಗಳ ಖರ್ಚನ್ನು ಅಧ್ಯಯನ ಮಾಡುವ ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬಿಯರ್ ಮತ್ತು ಸಂಗಡಿಗರು 2002ರಲ್ಲಿ 258 ಸಾರಿಗೆ ಯೋಜನೆಗಳ ಲೆಕ್ಕ ತೆಗೆದು ತೋರಿಸಿದ್ದರು. 10ರಲ್ಲಿ ಸುಮಾರು 9 ಯೋಜನೆಗಳಲ್ಲಿ ಖರ್ಚು ಅಂದಾಜು ಮೀರಿತ್ತು. ಸರಾಸರಿ ನೋಡಿದರೆ ರೈಲಿಗೆ ಶೇ. 45, ಸೇತುವೆ–ಸುರಂಗಕ್ಕೆ ಶೇ. 34, ರಸ್ತೆಗೆ ಶೇ. 20. ಹಾಗಾಗಿ ಫೈಲಿನ ಅಂದಾಜನ್ನು ಸಾಲುಸಾಲಾಗಿ ಕೆದಕುವುದನ್ನು ಬಿಟ್ಟೆ. ಅದೇ ಜಾತಿಯ ಹಳೆಯ ಕೆಲಸಗಳು ಎಷ್ಟು ಮೀರಿದ್ದವೋ ಅಷ್ಟನ್ನು ಸೇರಿಸಿಬಿಡುತ್ತೇನೆ. ಒಬ್ಬ ಎಂಜಿನಿಯರ್‌ಗೆ ಸಿಟ್ಟು ಬಂತು. “ಸಾರ್, ನಮ್ಮ ಸೇತುವೆ ಅವುಗಳ ಹಾಗಲ್ಲ” ಅಂದರು. ಹೋದ ತಿಂಗಳಷ್ಟೇ ಇನ್ನೊಬ್ಬರಿಂದ ಇದೇ ಮಾತು ಕೇಳಿದ್ದೆ.

ಬೈಪಾಸ್ ಬಂದ ವರ್ಷವೇ ಮೂರು ಹಾಳೆಯ ಒಂದು ಫೈಲೂ ಬಂದಿತ್ತು. ಹಳೆಯ ಸೇತುವೆಯ ಬೇರಿಂಗ್ (ಕಂಬಕ್ಕೂ ಮೇಲಿನ ಹಾಸಿಗೂ ನಡುವೆ ಕೂತು ಭಾರ ಹೊರುವ ಭಾಗ) ಬದಲಿಸಬೇಕು, ಕಂಬದ ಬುಡ ಗಟ್ಟಿ ಮಾಡಬೇಕು. ಬಣ್ಣದ ಚಿತ್ರ ಇಲ್ಲ, ಅನುಪಾತವೂ ಇಲ್ಲ. ಮೊದಲಾಗಿದ್ದರೆ ಸುಮ್ನೆ ಕೆಳಗಿಡುತ್ತಿದ್ದೆ. ಈ ಸಲ ಅದೇ ಪ್ರಶ್ನೆ ಕೇಳಿದೆ. ರಿಪೇರಿ ಮಾಡದಿದ್ದರೆ ಎರಡು ವರ್ಷದಲ್ಲಿ ಭಾರದ ಮಿತಿ ಹಾಕಬೇಕಾಗುತ್ತೆ, ಲಾರಿಗಳು 38 ಕಿ.ಮೀ. ಸುತ್ತಬೇಕಾಗುತ್ತೆ ಅಂದರು. ಆ ಸುತ್ತುದಾರಿ ತೆಳು ಡಾಂಬರಿನದು. ಆಕ್ಸಲ್ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು 16 ಪಟ್ಟು. ಅಂದರೆ ಸೇತುವೆಯ ಜೊತೆ ಆ ರಸ್ತೆಯೂ ಹೋದಂತೆಯೇ. ಲೆಕ್ಕ ಹಾಕಿದಾಗ ಪಟ್ಟಿಯಲ್ಲಿ ಅದರ ಹತ್ತಿರಕ್ಕೂ ಇನ್ನೊಂದು ಬರಲಿಲ್ಲ. ಹಣ ಸಿಕ್ಕಿತು, ಕೆಲಸ ಮುಗಿಯಿತು.

ಬೈಪಾಸ್ ಫೈಲು ಮುಂದಿನ ವರ್ಷ ಮತ್ತೆ ಬಂತು. ಈ ಸಲ ಉಳಿತಾಯ 2 ಅಲ್ಲ, 3 ನಿಮಿಷ ಆಗಿತ್ತು.