ಗ್ರೀಕ್ ಅಕ್ಷರದ ರೋಮನ್ ನಾಣ್ಯ: ಮೊದಲು ಊರು, ಆಮೇಲೆ ದೊರೆ

ರೋಮ್ ಸಾಮ್ರಾಜ್ಯದ ಪೂರ್ವದ ನಗರಗಳು ಹೊರಡಿಸಿದ ಕಂಚಿನ ನಾಣ್ಯ ಕೈಗೆ ಬಂದರೆ ಮುಖ ನೋಡಿ ದೊರೆಯ ಹೆಸರು ಹುಡುಕುತ್ತ ಕೂರಬೇಡಿ. ‘ಅಂತೋನೀನೋಸ್’ ಎಂದಿದ್ದರೆ ಅದು ಆಂಟೊನೈನಸ್ ಪಯಸ್, ಮಾರ್ಕಸ್ ಔರೇಲಿಯಸ್, ಕ್ಯಾರಕಲ್ಲ, ಎಲಗಬಾಲಸ್ ಯಾರಾದರೂ ಆಗಬಹುದು. ನಾಣ್ಯ ತಿರುವಿ, ಹಿಂಬದಿಯಲ್ಲಿ ಊರು ಹುಡುಕಿ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, 0.01 ಗ್ರಾಂ ತೂಗುವ ತಕ್ಕಡಿ, ಅಗಲ ಅಳೆಯುವ ಕ್ಯಾಲಿಪರ್ ಸಾಕು. ದೀಪವನ್ನು ಒಂದೇ ಪಕ್ಕದಲ್ಲಿ, ತಗ್ಗಿನಲ್ಲಿಟ್ಟು ನಾಣ್ಯವನ್ನು ತಿರುಗಿಸುತ್ತ ಹೋಗಿ. ಸವೆದ ಅಕ್ಷರದ ಅಂಚು ನೆರಳಲ್ಲಿ ಎದ್ದು ಕಾಣುತ್ತದೆ.

ಇಂಗ್ಲಿಷಿನ ರೂಢಿಯಲ್ಲಿ ಓದಿದರೆ ಕೆಟ್ಟಿತು. ‘ಸಿ’ಯಂತೆ ಕಾಣುವುದು ‘ಸ’, ‘ಪಿ’ಯಂಥದ್ದು ‘ರ’, ‘ಎಚ್’ ಎಂದರೆ ‘ಏ’, ‘ಡಬ್ಲ್ಯು’ವಿನಂಥದ್ದು ‘ಓ’. ಪದಗಳ ನಡುವೆ ತೆರಪಿಲ್ಲ. ಅಂಚಿನಲ್ಲಿ ಜಾಗ ಮುಗಿದರೆ ಉಳಿದ ಅಕ್ಷರಗಳು ಚಿತ್ರದ ಪಕ್ಕಕ್ಕೆ ನುಗ್ಗುತ್ತವೆ, ಕೆಲವು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಈಗ ‘ಓನ್’ ಎಂದು ಮುಗಿಯುವ ಪದ ಹಿಡಿಯಿರಿ. ಅದು ಷಷ್ಠಿ ಬಹುವಚನ: ‘ಎಫೆಸಿಯೋನ್’ ಎಂದರೆ ‘ಎಫೆಸಸ್‌ನವರ’. ಆದರೆ ‘ನೆಓಕೊರೋನ್’ ಊರಲ್ಲ, ಚಕ್ರವರ್ತಿಯ ಗುಡಿ ಕಾಯುವವರೆಂಬ ಬಿರುದು. ಇಲ್ಲಿ ಎಡವುವವರೇ ಹೆಚ್ಚು.

ಒಂದು ಮಾದರಿ ನೋಡಿ. ಮುಂಬದಿಯಲ್ಲಿ ಎದುರುಬದುರಾದ ಎರಡು ಮುಖ, ಹಿಂಬದಿಯಲ್ಲಿ ‘ಮಾರ್ಕಿಯಾನೊಪೊಲೆಯ್ತೋನ್’. ಊರು ಮಾರ್ಕಿಯಾನೊಪೊಲಿಸ್, ಇಂದಿನ ಬಲ್ಗೇರಿಯಾದ ದೆವ್ನ್ಯಾ. ಅದರ ಜೊತೆ ‘ಉಪ್’ (‘ಇಂಥವರ ಕೈಕೆಳಗೆ’) ಎಂದಾದ ಮೇಲೆ ಬರುವುದು ಪ್ರಾಂತಾಧಿಪತಿಯ ಹೆಸರು. ‘ಪೊಂತಿಯಾನು’ ಎಂದಿದ್ದರೆ ಆ ಮುಖಗಳು ಮ್ಯಾಕ್ರಿನಸ್ ಮತ್ತು ಅವನ ಮಗ ಡಯಾಡುಮೇನಿಯನ್, ಕಾಲ ಕ್ರಿ.ಶ. 217–218. ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತ, ಇಂಗ್ಲಿಷ್ ‘ಇ’ಯಂಥ ಅಕ್ಷರ ನಾಣ್ಯದ ಬೆಲೆ: ಐದು ಅಸ್ಸಾರಿಯ (ಆ ಕಾಲದ ಸಣ್ಣ ಕಂಚಿನ ನಾಣ್ಯ). ಇಂಥ ನಾಣ್ಯ ಸುಮಾರು 26–28 ಮಿ.ಮೀ. ಅಗಲವಿರುತ್ತದೆ. ನಟ್ಟನಡುವಿನ ಪುಟ್ಟ ಕುಳಿ ಯಾರೋ ಚುಚ್ಚಿದ್ದಲ್ಲ, ಟಂಕಸಾಲೆಯಲ್ಲೇ ಬಿದ್ದದ್ದು.

ಹಸಿರು ಕಂಡೊಡನೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರವೂ ಹೋದೀತು. ಗಟ್ಟಿ ಹಸಿರು ಪದರ ನಾಣ್ಯವನ್ನು ಕಾಯುತ್ತದೆ. ಉದುರುವ ತಿಳಿಹಸಿರು ಪುಡಿ ಮಾತ್ರ ರೋಗ. ಅಂಥದ್ದನ್ನು ಬೇರೆಯಿಟ್ಟು ತೇವ ತಾಗದಂತೆ ನೋಡಿಕೊಳ್ಳಿ.

‘ಓನ್’ ಎಲ್ಲೂ ಇಲ್ಲದೆ, ‘ಎಲ್’ನಂಥ ಗುರುತು ಕಂಡರೆ ಬಹುಪಾಲು ಅದು ಈಜಿಪ್ಟಿನ ಅಲೆಕ್ಸಾಂಡ್ರಿಯ. ಅದರ ಮುಂದಿನ ಅಕ್ಷರ ಆಳ್ವಿಕೆಯ ವರ್ಷ: ಆಲ್ಫಾ 1, ಬೀಟಾ 2. ಎಣಿಕೆ ಮಾತ್ರ ಈಜಿಪ್ಟಿನದು: ಅಲ್ಲಿನ ಹೊಸ ವರ್ಷ ಬಂದೊಡನೆ ಆಳ್ವಿಕೆಯ ವರ್ಷವೂ ಬದಲಾಗುತ್ತದೆ. ವೆಸ್ಪೇಷಿಯನ್ ದೊರೆಯೆಂದು ಘೋಷಿತನಾದದ್ದು 69ರ ಜುಲೈ 1ರಂದು. ಅವನ ಎರಡನೇ ವರ್ಷ ಆಗಸ್ಟ್ 29ಕ್ಕೇ ಶುರು.