ಮೊಣಕೈ ಕೀಲು ತಪ್ಪಿದರೆ: ಎಳೆಯಬೇಡಿ, ತಿಕ್ಕಬೇಡಿ

ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದವರು ಸಾಮಾನ್ಯವಾಗಿ ಕೈ ಊರಿಯೇ ಬೀಳುತ್ತಾರೆ. ಮೈಭಾರವೆಲ್ಲ ಮೊಣಕೈಗೆ ಬಂದು, ಮುಂಗೈಯ ಎರಡು ಎಲುಬುಗಳು ತೋಳಿನ ಎಲುಬಿನ ತುದಿಯಿಂದ ಹಿಂದಕ್ಕೆ ಜಾರುತ್ತವೆ. ಮೊಣಕೈಯ ಗಂಟು ಹಿಂದಕ್ಕೆ ಚಾಚಿ, ಅದರ ಮೇಲೆ ಗುಳಿ ಬಿದ್ದು, ಕೈ ಅರ್ಧ ಮಡಚಿದಲ್ಲೇ ಬಿಗಿದು ನಿಂತಿದ್ದರೆ ಕೀಲು ತಪ್ಪಿದೆ ಎಂದೇ ತಿಳಿಯಿರಿ. ಜತೆಗೆ ಎಲುಬು ಮುರಿದಿದೆಯೇ ಎಂಬುದು ಎಕ್ಸ್‌ರೇ ಇಲ್ಲದೆ ಯಾರಿಗೂ ಗೊತ್ತಾಗದು. ಉಳುಕು ತೆಗೆಯುವವರಿಂದ ಎಳೆಸಬಾರದು ಎನ್ನುವುದು ಇದೇ ಕಾರಣಕ್ಕೆ.

ಮೊದಲು ಬಳೆ, ಉಂಗುರ, ವಾಚು ತೆಗೆಯಿರಿ. ಊತ ಏರಿದ ಮೇಲೆ ಕತ್ತರಿಸಬೇಕಾದೀತು.

ಆಮೇಲೆ ಬೆರಳು ನೋಡಿ. ಉಗುರು ಒತ್ತಿ ಬಿಟ್ಟರೆ ಬಿಳಿಚಿದ್ದು 2 ಸೆಕೆಂಡಿನೊಳಗೆ ಕೆಂಪಾಗಬೇಕು. ಮಣಿಕಟ್ಟಿನಲ್ಲಿ ಹೆಬ್ಬೆರಳ ಬದಿಗೆ ನಾಡಿ ಸಿಗಬೇಕು. ಕೈಗೆ ರಕ್ತ ಕೊಡುವ ಮುಖ್ಯ ನಾಳ ಮೊಣಕೈಯ ಎದುರು ಭಾಗದಲ್ಲೇ ಹಾದುಹೋಗುತ್ತದೆ, ಜಾರಿದ ಎಲುಬು ಅದನ್ನು ಜಗ್ಗಬಹುದು. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದಿದ್ದರೆ ನರಕ್ಕೂ ಪೆಟ್ಟಾಗಿರಬಹುದು, ವೈದ್ಯರಿಗೆ ಮರೆಯದೆ ಹೇಳಿ. ಕೈ ತಣ್ಣಗಾಗಿ ಬಿಳಿಚಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹೆಚ್ಚಿನವರು ಎಡವುವುದು ಕಟ್ಟುವಾಗ. ಕೈ ಯಾವ ಕೋನದಲ್ಲಿ ನಿಂತಿದೆಯೋ ಅದೇ ಕೋನದಲ್ಲಿ ಕಟ್ಟಬೇಕು. ನೆಟ್ಟಗೆ ಮಾಡಬಾರದು, ಮಡಚಲೂಬಾರದು. ದಪ್ಪ ರಟ್ಟು ಅಥವಾ ಅಗಲವಾದ ಒಣ ಅಡಿಕೆ ಹಾಳೆಯನ್ನು ತೋಳಿನ ನಡುವಿನಿಂದ ಬೆರಳ ಬುಡದವರೆಗೆ ಬರುವಂತೆ ಆ ಕೋನಕ್ಕೇ ಕತ್ತರಿಸಿ. ಅಳತೆಯನ್ನು ಸರಿಯಿರುವ ಕೈಯಿಂದ ತೆಗೆದುಕೊಳ್ಳಿ. ಅದರ ಮೇಲೆ ಮಡಚಿದ ಬೈರಾಸು (ಟವೆಲ್) ಹಾಸಿ, ಕೈಯ ಕೆಳಗೆ ಮೆಲ್ಲಗೆ ತೂರಿಸಿ. ತೋಳಿನಲ್ಲಿ ಒಂದು, ಮುಂಗೈಯಲ್ಲಿ ಎರಡು ಕಟ್ಟು ಸಾಕು. ಕೀಲಿನ ಮೇಲೆ ಕಟ್ಟು ಬರಲೇಬಾರದು. ಪ್ರತಿ ಕಟ್ಟಿನಡಿ ಒಂದು ಬೆರಳು ತೂರುವಷ್ಟು ಸಡಿಲವಿರಲಿ. ಇನ್ನೊಂದು ಬೈರಾಸಿನಿಂದ ಕೈಯನ್ನು ಎದೆಗೆ ಸೇರಿಸಿ ಕಟ್ಟಿ, ಬೆರಳು ಹೊರಗೆ ಕಾಣುತ್ತಿರಲಿ. ಹತ್ತು ನಿಮಿಷಕ್ಕೊಮ್ಮೆ ಉಗುರು ಒತ್ತಿ ನೋಡುತ್ತಿರಿ. ಕೈಯನ್ನು ಕತ್ತಿಗೆ ತೂಗುಹಾಕಲು ಮೆಡಿಕಲ್‌ನಲ್ಲಿ ಸಿಗುವ ಸಿದ್ಧ ಚೀಲ ಈಗ ಬೇಡ, ಅದು ಕೈಯನ್ನು ಬಲವಂತವಾಗಿ 90 ಡಿಗ್ರಿಗೆ ಮಡಚುತ್ತದೆ. ಕ್ರೇಪ್ ಬ್ಯಾಂಡೇಜೂ ಬೇಡ, ಊತ ಏರಿದಂತೆ ಅದು ಬಿಗಿಯುತ್ತದೆ.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ಬಾಮ್, ಬಿಸಿ ಶಾಖ ಬೇಡ. ಚಾ, ಎಳನೀರು ಯಾವುದನ್ನೂ ಕುಡಿಸಬೇಡಿ: ಆಸ್ಪತ್ರೆಯಲ್ಲಿ ಮಂಪರು ಔಷಧಿ ಕೊಟ್ಟಾಗ ವಾಂತಿ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ ಅಥವಾ ಎಲುಬಿನ ವೈದ್ಯರಿರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಎಕ್ಸ್‌ರೇ, ಮಂಪರು, ಕೀಲು ಕೂರಿಸುವುದು, ಮತ್ತೆ ಎಕ್ಸ್‌ರೇ, ಇದು ಅಲ್ಲಿಯ ಕ್ರಮ. ಎಲುಬೂ ಮುರಿದು ಕೀಲು ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಒಂದರಿಂದ ನಾಲ್ಕು ವರ್ಷದ ಮಗುವಿನ ಕೈ ಹಿಡಿದೆಳೆದಾಗ ಆಗುವ ತೊಂದರೆ ಬೇರೆಯದು. ಅಲ್ಲಿ ಸಾಮಾನ್ಯವಾಗಿ ಊತವಿರುವುದಿಲ್ಲ, ಮಗು ಕೈ ಆಡಿಸುವುದಿಲ್ಲ ಅಷ್ಟೆ. ವೈದ್ಯರು ಕ್ಷಣದಲ್ಲಿ ಸರಿಮಾಡುತ್ತಾರೆ.

ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ನೋವು ಇಳಿಯುವ ಬದಲು ಏರುತ್ತಾ, ಬೆರಳು ನೆಟ್ಟಗೆ ಮಾಡಿದರೆ ಜೀವ ಹೋದಂತಾದರೆ, ನಡುರಾತ್ರಿಯಾದರೂ ವಾಪಸು ಓಡಿ. ಒಳಗಿನ ಊತ ಸ್ನಾಯುವಿನ ರಕ್ತಸಂಚಾರ ತಡೆದಿರಬಹುದು.

ಎಲುಬು ಮುರಿದಿಲ್ಲದಿದ್ದರೆ ಪಟ್ಟಿ ಸಾಮಾನ್ಯವಾಗಿ ಒಂದೆರಡು ವಾರ ಮಾತ್ರ. "ಇನ್ನೂ ಸ್ವಲ್ಪ ದಿನ ಇರಲಿ" ಎಂದು 3 ವಾರ ದಾಟಿಸಿದರೆ ಕೀಲು ಗಡುಸಾಗುತ್ತದೆ. ಬಿಚ್ಚಿದ ಮೇಲೆ ವೈದ್ಯರು ಹೇಳಿದ ಮಿತಿಯೊಳಗೆ ರೋಗಿಯೇ ಮಡಚಿ ಬಿಡಿಸಬೇಕು, ಬೇರೆಯವರು ಜಗ್ಗಬಾರದು. ಎಣ್ಣೆ ಹಾಕಿ ತಿಕ್ಕುವುದು, ಕೈ ನೆಟ್ಟಗಾಗಲೆಂದು ನೀರು ತುಂಬಿದ ಬಾಲ್ದಿ ಹೊರುವುದು ಎರಡೂ ಕೇಡು: ನೊಂದ ಸ್ನಾಯುವಿನೊಳಗೆ ಎಲುಬು ಬೆಳೆದು ಕೈ ಶಾಶ್ವತವಾಗಿ ಸಿಕ್ಕಿಬೀಳಬಹುದು. ಕೊನೆಯ 10–15 ಡಿಗ್ರಿ ಪೂರ್ತಿ ಚಾಚದೆ ಉಳಿದರೂ ಊಟ, ಬರವಣಿಗೆ, ಸ್ಕೂಟರಿಗೆ ಅಡ್ಡಿಯಿಲ್ಲ; ಅದಕ್ಕಾಗಿ ಹಟಕ್ಕೆ ಬೀಳಬೇಡಿ.