ಹದಿನಾಲ್ಕು ಪಂಪು, ಒಂದು ಟಿಸಿ

ಒಂದೇ ಬೇಸಿಗೆಯಲ್ಲಿ ನಮ್ಮ ತೋಟದ ಟಿಸಿ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರ್, ಎರಡನೇ ಸಲ ಸುಟ್ಟಾಗ ಅಪ್ಪ ಫೋನ್ ಮಾಡಿದರು. “ಮಗ ಕರೆಂಟಿನ ಇಂಜಿನಿಯರ್ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೀನಿ. ಇದ್ಯಾಕೆ ಹಿಂಗೆ ಸುಡ್ತದೆ ಅಂತ ಒಂದ್ಸಲ ಬಂದು ನೋಡಬಾರ್ದೇನಪ್ಪಾ?”

ನಮ್ಮದು ಹಿರಿಯೂರಿನ ಕಡೆ. ಅಡಿಕೆ, ಒಂದಿಷ್ಟು ಈರುಳ್ಳಿ, ಎಲ್ಲವೂ ಬೋರ್‌ವೆಲ್ ನೀರಿನ ಮೇಲೆ. ನಾನು ಬೆಂಗಳೂರಿನಲ್ಲಿ ಕಟ್ಟಡಗಳಿಗೆ ವಿದ್ಯುತ್ ವಿನ್ಯಾಸ ಮಾಡುವವನು. ಟ್ರಾನ್ಸ್‌ಫಾರ್ಮರ್ ಎಂದರೆ ನನಗೆ ಬೇಸ್‌ಮೆಂಟಿನಲ್ಲಿ ತಣ್ಣಗೆ ಗುಂಯ್‌ಗುಡುವ ಪೆಟ್ಟಿಗೆ. ಕಂಬದ ಮೇಲೆ ಬಿಸಿಲಲ್ಲಿ ಬೇಯುವ 63 ಕೆವಿಎ ಟಿಸಿಯ ಬಗ್ಗೆ ತಲೆ ಕೆಡಿಸಿಕೊಂಡವನೇ ಅಲ್ಲ. ಆ ಶನಿವಾರ ರಾತ್ರಿ ಲ್ಯಾಪ್‌ಟಾಪ್ ತೆಗೆದು, ಊರಿಗೆ ಹೋಗುವ ಮೊದಲೇ ಲೆಕ್ಕ ಹಾಕಿ ಮುಗಿಸೋಣ ಎಂದು ಕೂತೆ. ಕೂತಲ್ಲೇ ಮುಗಿಯುತ್ತದೆ ಅಂದುಕೊಂಡದ್ದು ಮೊದಲ ತಪ್ಪು.

ಟಿಸಿಯನ್ನು ಮಾದರಿ ಮಾಡುವುದು ಸುಲಭ. ನಾಲ್ಕು ಅಂಕಿ ಸಾಕು. ಸಾಮರ್ಥ್ಯ 63 ಕೆವಿಎ, ಅಂದರೆ 433 ವೋಲ್ಟ್ ಕಡೆ 84 ಆಂಪಿಯರ್. ಲೋಡ್ ಇಲ್ಲದಿದ್ದರೂ ಕಬ್ಬಿಣದ ಕೋರ್ ತಿನ್ನುವ ನಷ್ಟ 180 ವ್ಯಾಟ್. ಪೂರ್ತಿ ಲೋಡಿನಲ್ಲಿ ಸುರುಳಿಗಳ ನಷ್ಟ 1235 ವ್ಯಾಟ್. ಕರೆಂಟಿಗೆ ಟಿಸಿಯೊಳಗಿನ ಒಟ್ಟು ಅಡ್ಡಿ, ಅಂದರೆ ಇಂಪೀಡೆನ್ಸ್, ಶೇ. 4.5. ನಷ್ಟದ ಅಂಕಿಗಳು ಈ ಹಳೇ ಮಾದರಿಯ ಟಿಸಿಗಳಿಗೆ ನಿಗದಿಯಾಗಿದ್ದವು. 1235ನ್ನು 63,000ದಿಂದ ಭಾಗಿಸಿದರೆ ರೆಸಿಸ್ಟೆನ್ಸ್ ಶೇ. 1.96 ಸಿಗುತ್ತದೆ, ವರ್ಗಗಳ ಲೆಕ್ಕದಲ್ಲಿ ಕಳೆದು ಉಳಿದದ್ದು ರಿಯಾಕ್ಟೆನ್ಸ್, ಶೇ. 4.05. ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಇದ್ದಾಗ ಪೂರ್ತಿ ಲೋಡಿಗೆ ವೋಲ್ಟೇಜ್ ಶೇ. 4ರಷ್ಟು ಇಳಿಯುತ್ತದೆ. 433ರಲ್ಲಿ ಶೇ. 4 ಕಳೆದರೆ 415, ಮೋಟಾರುಗಳಿಗೆ ನಿಗದಿಯಾದ ವೋಲ್ಟೇಜ್. ಕಾಲೇಜಿನಲ್ಲಿ ‘415 ಬಿಟ್ಟು 433 ಯಾಕೆ ಸಾರ್’ ಎಂದು ಕೇಳಿ ಬೈಸಿಕೊಂಡಿದ್ದೆ. ಉತ್ತರ ಇಷ್ಟು ವರ್ಷದ ಮೇಲೆ ಸಿಕ್ಕಿತು.

ದಕ್ಷತೆಯ ವಕ್ರರೇಖೆಯನ್ನೂ ಬಿಡಿಸಿದೆ. ಶೇ. 38 ಲೋಡಿನ ಹತ್ತಿರ ಅದು ತುದಿ ಮುಟ್ಟುತ್ತದೆ, ಅಲ್ಲಿ ಕೋರ್ ನಷ್ಟವೂ ಸುರುಳಿ ನಷ್ಟವೂ ಸಮ. ಪರೀಕ್ಷೆಯಲ್ಲಾದರೆ ಇದಕ್ಕೆ ಅಂಕ ಉಂಟು. ಸುಡುವ ಟಿಸಿಗೆ ಇದರಿಂದ ಏನೂ ಆಗಬೇಕಿಲ್ಲ. ಶೇ. 96 ದಕ್ಷತೆ ಇಟ್ಟುಕೊಂಡೇ ಅದು ಸುಡಬಲ್ಲದು.

ಇನ್ನು ಲೋಡ್. ವಿದ್ಯುತ್ ಕಚೇರಿಯ ಪಟ್ಟಿಯ ಪ್ರಕಾರ ಆ ಟಿಸಿಗೆ ಹತ್ತು ಐಪಿ ಸೆಟ್ (ನೀರಾವರಿ ಪಂಪು), ಎಲ್ಲ 5 ಎಚ್‌ಪಿ. ಒಂದು 5 ಎಚ್‌ಪಿ ಮೋಟಾರು, ದಕ್ಷತೆ 0.8, ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ 5.8 ಕೆವಿಎ ಎಳೆಯುತ್ತದೆ. ಹತ್ತಕ್ಕೆ 58. ಪೈಥಾನ್‌ನಲ್ಲಿ ಅರವತ್ತು ಸಾಲು ಬರೆದು ರನ್ ಕೊಟ್ಟೆ. ಟಿಸಿ ಆರಾಮಾಗಿತ್ತು. ನನ್ನ ಪರದೆಯ ಮೇಲೆ ಆರಾಮಾಗಿದ್ದ ಟಿಸಿ ಅಲ್ಲಿ ಕಂಬದ ಮೇಲೆ ಕರ್ರಗೆ ಎಣ್ಣೆ ಕಾರಿಕೊಂಡು ನಿಂತಿತ್ತು.

ಭಾನುವಾರ ಊರಿಗೆ ಹೋಗಿ ಅಪ್ಪನ ಜೊತೆ ಹೊಲ ಹೊಲ ಸುತ್ತಿದೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ, ಹಾಗಾಗಿ ಎಷ್ಟು ಉರಿಯುತ್ತದೆ ಎಂದು ಹೇಳಲು ಬಿಲ್ಲೂ ಇಲ್ಲ ಏನೂ ಇಲ್ಲ. ಸ್ಟಾರ್ಟರ್ ಡಬ್ಬಗಳನ್ನೇ ಎಣಿಸಬೇಕು. ಹದಿನಾಲ್ಕು ಸಿಕ್ಕವು. ನಾಲ್ಕು ಪಟ್ಟಿಯಲ್ಲಿರಲಿಲ್ಲ. ಯಾರವು ಎಂದು ಇಲ್ಲಿ ಬರೆಯುವುದಿಲ್ಲ, ಅದರಲ್ಲೊಂದು ನಮ್ಮ ಚಿಕ್ಕಪ್ಪನದೇ. ಅಷ್ಟೇ ಅಲ್ಲ, ಹದಿನಾಲ್ಕರಲ್ಲಿ ಹನ್ನೆರಡು ಸ್ಟಾರ್ಟರ್‌ಗಳು ‘ಆಟೋ’ದಲ್ಲಿದ್ದವು. ತ್ರೀ ಫೇಸ್ ಬಂದ ತಕ್ಷಣ ತಾವೇ ಆನ್ ಆಗುತ್ತವೆ. ರಾತ್ರಿ ಎರಡಕ್ಕೆ ಕರೆಂಟು ಬಂದರೆ ಟಾರ್ಚ್ ಹಿಡಿದು ಹಾವು ತುಳಿಯುತ್ತಾ ಹೋಗುವವರು ಯಾರು?

ಹದಿನಾಲ್ಕು ಪಂಪಿಗೆ 81.6 ಕೆವಿಎ. ಸಾಮರ್ಥ್ಯದ 1.3 ಪಟ್ಟು. ಮಾದರಿಯಲ್ಲಿ ಪಂಪುಗಳ ಸಂಖ್ಯೆ ತಿದ್ದಿ, ಬದಲಿಗೆ ಕೂರಿಸಿದ್ದ ರಿಪೇರಿ ಟಿಸಿಯ ಮೇಲೆ ಲೈನ್‌ಮನ್ ಅಣ್ಣನಿಂದ ಟಾಂಗ್ ಟೆಸ್ಟರ್ (ತಂತಿಗೆ ಕಚ್ಚಿಸಿ ಕರೆಂಟು ಅಳೆಯುವ ಮೀಟರ್) ಹಾಕಿಸಿದೆ. ಮೂರು ಫೇಸಿನ ಸರಾಸರಿ 124 ಆಂಪಿಯರ್, ಎರಡು ಫೇಸುಗಳ ನಡುವೆ 378 ವೋಲ್ಟ್. ಅದೇ ಕಡಿಮೆ ವೋಲ್ಟೇಜ್ ಹಾಕಿ ನೋಡಿದರೆ ನನ್ನ ಮಾದರಿ ಹೇಳಿದ್ದು 103 ಆಂಪಿಯರ್.

ಅಣ್ಣ ಮೀಟರ್ ತೋರಿಸಿ ನಕ್ಕರು. “ನಿಮ್ ಕಂಪ್ಯೂಟರ್‌ಗೆ ಒಂದಿಪ್ಪತ್ತು ಆಂಪಿಯರ್ ಕಣ್ಣು ಮಂಜು ಸಾರ್.”

ಎಲ್ಲಿ ಎಡವಿದ್ದೇನೆ ಎಂದು ಹೊಳೆಯಲು ಬಸ್ಸಿನಲ್ಲಿ ಬೆಂಗಳೂರಿನ ಅರ್ಧ ದಾರಿ ಬೇಕಾಯಿತು. ಪಂಪನ್ನು ನಾನು ಒಂದು ರೆಸಿಸ್ಟರು, ಒಂದು ಕಾಯಿಲ್ ಎಂದು ಬರೆದಿದ್ದೆ. ಹಾಗೆ ಬರೆದರೆ ವೋಲ್ಟೇಜ್ ಇಳಿದಾಗ ಕರೆಂಟೂ ಇಳಿಯುತ್ತದೆ, ಹಳೇ ಬಲ್ಬಿನ ಹಾಗೆ. ಮೋಟಾರು ಹಾಗಲ್ಲ. ನೂರಿನ್ನೂರು ಅಡಿ ಆಳದಿಂದ ನೀರೆತ್ತುವ ಕೆಲಸ ಅದಕ್ಕೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ವೋಲ್ಟೇಜ್ ಕಮ್ಮಿಯಾದರೆ ಕರೆಂಟು ಜಾಸ್ತಿ ಎಳೆದು ಸರಿದೂಗಿಸುತ್ತದೆ. ಆ ಹೆಚ್ಚಿದ ಕರೆಂಟಿಗೆ ಟಿಸಿಯೊಳಗೆ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ, ಮೋಟಾರು ಮತ್ತಷ್ಟು ಎಳೆಯುತ್ತದೆ. ಲೋಡನ್ನು ಸ್ಥಿರ ಪವರ್ ಎಂದು ಬದಲಿಸಿ, ವೋಲ್ಟೇಜ್ ನಿಲ್ಲುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ಸುತ್ತಿಸಿದೆ. ಐದಾರು ಸುತ್ತಿಗೆ ನಿಂತಿತು. 378 ವೋಲ್ಟಿಗೆ 124.6 ಆಂಪಿಯರ್. ಹಿಂದಕ್ಕೆ ಲೆಕ್ಕ ಹಾಕಿದರೆ ನಮ್ಮ ಟಿಸಿಗೆ 11 ಕೆವಿ ಬದಲು ಸಿಗುತ್ತಿರುವುದು 10.26 ಕೆವಿ. ಲೈನಿನ ಕೊನೆಯಲ್ಲಿರುವವರ ಪಾಡು.

ಕೆವಿಎ ಲೆಕ್ಕದಲ್ಲಿ 1.3 ಪಟ್ಟು ಎನಿಸಿದ ಲೋಡು ಕರೆಂಟಿನ ಲೆಕ್ಕದಲ್ಲಿ 1.48 ಪಟ್ಟು. ಸುರುಳಿ ಕಾಯುವುದು ಕರೆಂಟಿನ ವರ್ಗಕ್ಕೆ. 1235 ವ್ಯಾಟ್ ಇರಬೇಕಾದ ಜಾಗದಲ್ಲಿ 2,700. ಬಚ್ಚಲಿನ ಬಕೆಟ್ಟಿಗೆ ಇಳಿಬಿಡುವ 1.5 ಕಿಲೋವ್ಯಾಟಿನ ನೀರು ಕಾಯಿಸೋ ಕಾಯಿಲ್ ಇದೆಯಲ್ಲ, ಅಂಥವು ಹತ್ತಿರ ಹತ್ತಿರ ಎರಡನ್ನು ಟಿಸಿಯ ಎಣ್ಣೆಯಲ್ಲಿ ಅದ್ದಿಟ್ಟ ಹಾಗೆ.

ಬಿಸಿಯ ಲೆಕ್ಕಕ್ಕೆ ಟ್ರಾನ್ಸ್‌ಫಾರ್ಮರ್ ಲೋಡಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 60076-7ರ ದಾರಿ ಹಿಡಿದೆ. ನೇಮ್‌ಪ್ಲೇಟಿನ ಪ್ರಕಾರ ಪೂರ್ತಿ ಲೋಡಿನಲ್ಲಿ ಎಣ್ಣೆ ಹೊರಗಿನ ಗಾಳಿಗಿಂತ 45 ಡಿಗ್ರಿ, ಸುರುಳಿ ಸರಾಸರಿ 55 ಡಿಗ್ರಿ ಮೇಲೇರಬಹುದು. ಸುರುಳಿಯ ಅತಿ ಬಿಸಿ ಜಾಗ ಎಣ್ಣೆಗಿಂತ ಸುಮಾರು 21 ಡಿಗ್ರಿ ಮೇಲಿರುತ್ತದೆ ಎಂದು ಬಂತು. ಎಣ್ಣೆ ಬೇಗ ಕಾಯುವುದಿಲ್ಲ, ಅದರ ಕಾಲಸ್ಥಿರಾಂಕ (ಏರಬೇಕಾದ ಬಿಸಿಯ ಸುಮಾರು ಮೂರರಲ್ಲೆರಡು ಪಾಲು ಏರಲು ಹಿಡಿಯುವ ಹೊತ್ತು) 180 ನಿಮಿಷ. ಸುರುಳಿಯದ್ದು ನಾಲ್ಕೇ ನಿಮಿಷ. ಮೊದಲ ಸಲ ಆ 180ನ್ನು ಸೆಕೆಂಡೆಂದು ಬರೆದುಬಿಟ್ಟಿದ್ದೆ. ಮೂರು ನಿಮಿಷದಲ್ಲಿ ಎಣ್ಣೆ ಕಾದ ಗ್ರಾಫ್ ನೋಡಿ ಕ್ಷಣಕಾಲ ಕಾರಣ ಸಿಕ್ಕೇಬಿಟ್ಟಿತೆಂದು ಹಿಗ್ಗಿದ್ದೂ ಉಂಟು.

ಸರಿ ಮಾಡಿದ ಮೇಲೆ ಬಂದ ಚಿತ್ರ ಇದು. ಏಪ್ರಿಲ್ ಹಗಲು, ಹೊರಗೆ 38 ಡಿಗ್ರಿ, ಏಳು ಗಂಟೆ ತ್ರೀ ಫೇಸ್. ಮೂರು ಗಂಟೆ ಕಳೆದಾಗ ಅತಿ ಬಿಸಿ ಜಾಗ 128 ಡಿಗ್ರಿ. ನಾಲ್ಕೂವರೆ ಗಂಟೆ ದಾಟಿ ಸ್ವಲ್ಪ ಹೊತ್ತಿಗೆ 140. ಅಲ್ಲಿಂದಾಚೆ ಸುರುಳಿಗೆ ಸುತ್ತಿದ ಕಾಗದದ ನಿರೋಧಕದಿಂದ ಅನಿಲದ ಗುಳ್ಳೆ ಏಳುವ ಅಪಾಯ. ಏಳನೇ ಗಂಟೆಯ ಕೊನೆಗೆ 149. ಸಾಮಾನ್ಯ ಕ್ರಾಫ್ಟ್ ಕಾಗದದ ಆಯುಸ್ಸನ್ನು ಅಳೆಯುವುದು 98 ಡಿಗ್ರಿಯಿಂದ, ಆಮೇಲೆ ಪ್ರತಿ 6 ಡಿಗ್ರಿಗೆ ಸವೆತ ಎರಡು ಪಟ್ಟು. 149ರಲ್ಲಿ ಒಂದು ಗಂಟೆ ಎಂದರೆ 98ರಲ್ಲಿ ಹದಿನೈದು ದಿನ ಕಳೆದಂತೆ. ಅಷ್ಟು ಬಿಸಿಯಲ್ಲಿ ಈ ಸೂತ್ರವನ್ನು ಅಕ್ಷರಶಃ ನಂಬಬಾರದು, ನಾನೂ ನಂಬಲಿಲ್ಲ. ಆದರೆ ಅದು ಒಂದೆರಡು ಸಲ ಸುರುಳಿ ಸುತ್ತಿಸಿಕೊಂಡು ಬಂದ ಟಿಸಿ. ಒಳಹೋಗುವ ಗಾಳಿಯ ತೇವ ಹೀರುವ ಬ್ರೀದರ್‌ನೊಳಗಿನ ಸಿಲಿಕಾ ಜೆಲ್ಲು ನೀಲಿ ಹೋಗಿ ಗುಲಾಬಿಗೆ ತಿರುಗಿ ಎಷ್ಟು ಕಾಲವಾಗಿತ್ತೋ, ಬುಶಿಂಗ್ ಬುಡದಲ್ಲಿ ಎಣ್ಣೆ ಜಿನುಗುತ್ತಿತ್ತು. ಫ್ಯೂಸ್ ಇರಬೇಕಾದಲ್ಲಿ ಅಲ್ಯೂಮಿನಿಯಂ ತಂತಿಯ ಎಳೆ. ಅದು ಕರಗುವ ಮೊದಲು ಟಿಸಿಯೇ ಕರಗುತ್ತದೆ.

ಕರೆಂಟು ವಾಪಸ್ ಬರುವ ಕ್ಷಣವನ್ನೂ ಬೇರೆಯಾಗಿ ನೋಡಿದೆ. ಮೋಟಾರು ಏಳುವಾಗ ಆರು ಪಟ್ಟು ಎಳೆಯುತ್ತದೆ ಎಂದಿಟ್ಟುಕೊಂಡೆ. ಹದಿನಾಲ್ಕೂ ಒಟ್ಟಿಗೆ ಎದ್ದರೆ 84 ಆಂಪಿಯರಿನ ಟಿಸಿಯಿಂದ 480 ಆಂಪಿಯರ್, ವೋಲ್ಟೇಜ್ 293. ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಇಳಿಯುವುದರಿಂದ ಅರ್ಧ ಬಲದಲ್ಲಿ ಎಲ್ಲವೂ ಏದುಸಿರು ಬಿಡುತ್ತಾ ಏಳಬೇಕು, ಏಳುವ ಹೊತ್ತೂ ಎಳೆದುಕೊಳ್ಳುತ್ತದೆ. (ಇಲ್ಲಿ ಮೋಟಾರು ರೆಸಿಸ್ಟರು-ಕಾಯಿಲ್ ಥರವೇ ನಡೆದುಕೊಳ್ಳುತ್ತದೆ, ನನ್ನ ಮೊದಲ ಮಾದರಿ ಅಷ್ಟಕ್ಕಾದರೂ ಬಂತು.) ಅಪ್ಪ ಇದನ್ನು ಕೇಳಿ, “ಅದಕ್ಕೇ ಕರೆಂಟ್ ಬಂದಾಗ ಮನೆ ದೀಪ ಕಣ್ಣು ಮುಚ್ಚಿ ತೆಗಿಯೋದು” ಎಂದರು. ಮನೆಗೆ ಬರುವುದು ಬೇರೆ ಟಿಸಿಯಿಂದ. ಆದರೂ ಅವರು ಹೇಳಿದ್ದು ತಪ್ಪಲ್ಲ, ಸುತ್ತಲಿನ ಎಲ್ಲ ಟಿಸಿಗಳೂ ಅದೇ ಗಳಿಗೆಯಲ್ಲಿ ಎಳೆದರೆ 11 ಕೆವಿ ಲೈನೇ ಬಾಗುತ್ತದೆ.

ಪರಿಹಾರಗಳನ್ನು ಮಾದರಿಯೊಳಗೇ ಒಂದೊಂದಾಗಿ ಹಾಕಿ ನೋಡಿದೆ. ಏಳೇಳು ಪಂಪಿನ ಪಾಳಿ ಮಾಡಿದರೆ ಬಿಸಿ 76 ಡಿಗ್ರಿಗೇ ನಿಲ್ಲುತ್ತದೆ. ಊರಲ್ಲಿ ಹೇಳಿದೆ. ಇರುವ ಏಳು ಗಂಟೆಯಲ್ಲಿ ಅರ್ಧ ಬಿಟ್ಟುಕೊಡುವವರು ಕೈ ಎತ್ತಿ ಎಂದರೆ ಒಂದು ಕೈಯೂ ಏಳಲಿಲ್ಲ. ನಮ್ಮಪ್ಪನದೂ ಸೇರಿ.

ಪವರ್ ಫ್ಯಾಕ್ಟರ್ ಏರಿಸುವ ಕೆಪಾಸಿಟರ್ ಕಡೆ ತಿರುಗಿದೆ. ಪ್ರತಿ ಪಂಪಿಗೆ 2 ಕೆವಿಎಆರ್ ಅಳತೆಯದೊಂದು. ಇದರಿಂದ ಕರೆಂಟು ಸ್ವಲ್ಪ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತು, ಎಷ್ಟು ಎನ್ನುವುದು ನನ್ನನ್ನೇ ಬೆಚ್ಚಿಬೀಳಿಸಿತು. 124ರಿಂದ 104 ಆಂಪಿಯರ್. ವೋಲ್ಟೇಜ್ 378ರಿಂದ 386. ಏಳು ಗಂಟೆಯ ಕೊನೆಯ ಬಿಸಿ 149ರಿಂದ 123. ಪವರ್ ಫ್ಯಾಕ್ಟರ್ ಏರಿದ್ದಕ್ಕೆ ಒಂದು ಇಳಿತ, ವೋಲ್ಟೇಜ್ ಏರಿದ್ದಕ್ಕೆ ಇನ್ನೊಂದು ಇಳಿತ. ಮೊದಲು ಸುಡಲಿಕ್ಕೆ ತಿರುಗುತ್ತಿದ್ದ ಚಕ್ರವೇ ಈಗ ಹಿಂದಕ್ಕೆ ತಿರುಗಿತು. 123 ಕೂಡ ಒಳ್ಳೆಯದಲ್ಲ, 120ರೊಳಗೆ ಇರಬೇಕು. ಆದರೂ ಸವೆತ ಇಪ್ಪತ್ತರಲ್ಲೊಂದು ಪಾಲಿಗೆ ಬಂತು.

ಸರಿಯಾದ ಔಷಧಿ ಎಂದರೆ ಲೈನಿನ ತುದಿಯ ನಾಲ್ಕು ಪಂಪಿಗೆ ಅಲ್ಲೇ ಒಂದು 25 ಕೆವಿಎ ಟಿಸಿ. ಇದುವರೆಗೆ ಪಂಪೆಲ್ಲ ಟಿಸಿ ಬುಡದಲ್ಲೇ ಇವೆ ಎಂದುಕೊಂಡು ಲೆಕ್ಕ ಮಾಡಿದ್ದೆ. ನಿಜದಲ್ಲಿ ಆ ನಾಲ್ಕು 600 ಮೀಟರ್ ಆಚೆ, ತೆಳ್ಳನೆಯ ವೀಸಲ್ ತಂತಿಯ ಕೊನೆಯಲ್ಲಿ. ಆ ತಂತಿಯೊಂದೇ ಇನ್ನೂ 35 ವೋಲ್ಟ್ ನುಂಗುತ್ತದೆ, ಟಿಸಿ ನುಂಗುವುದಕ್ಕಿಂತ ಹೆಚ್ಚು. ಅರ್ಜಿ ಬರೆದು, ಗ್ರಾಫ್ ಅಂಟಿಸಿ, ಪಟ್ಟಿಯಲ್ಲಿಲ್ಲದ ನಾಲ್ವರನ್ನು ಸಕ್ರಮಕ್ಕೆ ಒಪ್ಪಿಸಿ ಕೊಟ್ಟು ಬಂದೆವು. ಗ್ರಾಫನ್ನು ಅಲ್ಲಿ ಯಾರೂ ನೋಡಲಿಲ್ಲ. ಪಂಪಿನ ಪಟ್ಟಿಯನ್ನು ಮಾತ್ರ ಎರಡು ಸಲ ಓದಿದರು.

ಅಷ್ಟರಲ್ಲಿ ಹನ್ನೊಂದು ಜನ ಕೆಪಾಸಿಟರ್ ಹಾಕಿಸಿಕೊಂಡರು. ಆಟೋ ಸ್ಟಾರ್ಟರ್‌ಗಳಿಗೆ ಹತ್ತು ಹತ್ತು ಸೆಕೆಂಡು ಹಿಂದೆ ಮುಂದೆ ಟೈಮರ್ ಇಟ್ಟೆವು. ಅಣ್ಣ ಮತ್ತೆ ಟಾಂಗ್ ಟೆಸ್ಟರ್ ಹಾಕಿದಾಗ 109. ನನ್ನ ಮಾದರಿ 108 ಎಂದಿತ್ತು. ಈ ಸಲ ಅಣ್ಣ ನಗಲಿಲ್ಲ, ಮೀಟರನ್ನೇ ಇನ್ನೊಮ್ಮೆ ನೋಡಿಕೊಂಡರು. ಬೇಸಿಗೆ ಕಳೆಯಿತು, ಟಿಸಿ ಉಳಿಯಿತು.

ಮೊನ್ನೆ ಅಪ್ಪನ ಫೋನು. ಚಿಕ್ಕಪ್ಪ ಇನ್ನೊಂದು ಬೋರ್ ಕೊರೆಸಿದ್ದಾರಂತೆ, ಎರಡೂವರೆ ಇಂಚು ನೀರು. ಖುಷಿ ಪಟ್ಟು, ಫೋನಿಟ್ಟು, ಫೈಲ್ ತೆಗೆದು 14 ಇದ್ದದ್ದನ್ನು 15 ಮಾಡಿ ರನ್ ಕೊಟ್ಟೆ. 139 ಡಿಗ್ರಿ.